ಮೂಗಿನ ನೇರಕ್ಕೆ ಕತ್ತರಿಸಿದ ಗುಲಾಬಿ

ನನಗೆ ಮೂಗಿದೆ. ಮುಖದ ನಡುವೆ, ಎಲ್ಲರಿಗೂ ಇರುವ ಜಾಗದಲ್ಲೇ ಇದೆ. ಕನ್ನಡಕ ನಿಲ್ಲಿಸಲು ಬರುತ್ತದೆ, ನೆಗಡಿಯಾದಾಗ ಸುರಿಯುತ್ತದೆ, ಪಕ್ಕದ ಮನೆಯ ಜಗಳದಲ್ಲಿ ತೂರಿಸಲೂ ಆಗುತ್ತದೆ. ಆದರೆ ದೇವರು ಅದನ್ನು ಯಾವ ಕೆಲಸಕ್ಕೆಂದು ಇಟ್ಟನೋ ಆ ಒಂದು ಕೆಲಸವನ್ನು ಮಾತ್ರ ಅದು ಮಾಡುವುದಿಲ್ಲ. ನನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಮೂರು ವಾರ ಕಾಡಿದ ಜ್ವರವೊಂದು ಬಿಟ್ಟು ಹೋಗುವಾಗ ನನ್ನ ಘ್ರಾಣಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಂದಿನಿಂದ ನನಗೆ ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. (ಇಂಥ ಸಮಭಾವ ಋಷಿಮುನಿಗಳಿಗೂ ಸುಲಭವಲ್ಲ.)

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ, ಏಕೆಂದರೆ ನಾನು ದರ್ಜಿ. ದರ್ಜಿಗೆ ಬೇಕಾದದ್ದು ಕಣ್ಣು ಮತ್ತು ಕೈ. ದಿನವಿಡೀ ಜನರ ಕಂಕುಳಿಗೆ ಟೇಪು ಹಿಡಿಯುವವನಿಗೆ ಮೂಗು ಕೆಲಸ ಮಾಡದಿರುವುದು ವರವೇ ಸರಿ. ನಮ್ಮ ಬೀದಿಯಲ್ಲಿ ಇನ್ನೂ ಇಬ್ಬರು ದರ್ಜಿಗಳಿದ್ದಾರೆ. ಬಂದರಿನ ಕಡೆಯಿಂದ ಬರುವವರಿಗೆ ಅವರ ಅಂಗಡಿಗಳೇ ಮೊದಲು ಸಿಗುತ್ತವೆ. ಆದರೂ ದೋಣಿಯವರು, ಬಲೆಯವರು, ಎಂಜಿನ್ ಮೇಸ್ತ್ರಿಗಳು ಆ ಇಬ್ಬರನ್ನೂ ದಾಟಿ, ಹರಿದ ಪ್ಯಾಂಟು ಹಿಡಿದುಕೊಂಡು ನನ್ನ ಹತ್ತಿರವೇ ಬರುತ್ತಾರೆ. ಕೈಗುಣ ಎನ್ನುವುದು ಎಲ್ಲರಿಗೂ ಒಲಿಯುವುದಿಲ್ಲವಲ್ಲ ಎಂದು ನಾನು ಆ ಇಬ್ಬರ ಬಗ್ಗೆ ಮರುಕಪಡುತ್ತಿದ್ದೆ.

ಇಂಥ ನನಗೆ ಸಿಕ್ಕ ಹೆಂಡತಿಯ ಉದ್ಯೋಗ ಏನು ಗೊತ್ತೇ? ಮೂಸುವುದು. ತಮಾಷೆಯಲ್ಲ. ಅವಳು ಹಾಲಿನ ಡಿಪೋದಲ್ಲಿ ಕೆಲಸ ಮಾಡುತ್ತಾಳೆ. ಸೈಕಲ್ಲು, ಗಾಡಿಗಳ ಮೇಲೆ ಬಂದ ಕ್ಯಾನುಗಳು ಸಾಲಾಗಿ ನಿಲ್ಲುತ್ತವೆ. ಇವಳು ಒಂದೊಂದರ ಮುಚ್ಚಳ ಎತ್ತಿ, ಮೂಗು ಬಗ್ಗಿಸಿ, ಒಂದು ಕ್ಷಣ ನಿಂತು, ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು ಕ್ಯಾನಿನ ಮೇಲೆ ಗುರುತು ಹಾಕುತ್ತಾಳೆ. ಸರಿ ಗುರುತು ಹಾಕಿದರೆ ಪಾಸು. ಕತ್ತರಿ ಗುರುತು ಹಾಕಿದರೆ ವಾಪಸು. ಸುತ್ತು ಹಾಕಿದರೆ, ಹಾಲು ಕೊಂಚ ಹುಳಿ ಹಿಡಿದಿದೆ, ಕುಡಿಯಲು ಬಾರದು, ಆದರೆ ಚೆಲ್ಲಬೇಡಿ, ಮೊಸರಿಗಾಗುತ್ತದೆ ಎಂದರ್ಥ. ಡಿಪೋದ ಗಾಜಿನ ನಳಿಗೆಗಳು ಹತ್ತು ನಿಮಿಷ ತೆಗೆದುಕೊಂಡು ಹೇಳುವುದನ್ನು ಇವಳ ನಾಸಿಕ ಒಂದೇ ಉಸಿರಿಗೆ ಹೇಳುತ್ತದೆ. ಅವಳ ತೀರ್ಪಿಗೆ ಮೇಲ್ಮನವಿ ಇಲ್ಲ. (ಮನೆಯಲ್ಲಿ ಮೊದಲೇ ಇಲ್ಲ.)

ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬಂದು, "ಹೊಸ ಸೋಪು ಕಣ್ರೀ, ಹೇಗಿದೆ?" ಎಂದು ಕೈ ಮುಂದೆ ಚಾಚಿದಳು. ಆಗಲೇ ನಿಜ ಹೇಳಿಬಿಡಬೇಕಿತ್ತು. ಹೊಸ ಹೆಂಡತಿ, ಮುಂದೆ ಚಾಚಿದ ಕೈ, ನಾನೂ ಮನುಷ್ಯನೇ. "ಆಹಾ" ಎಂದೆ. ಆ ಒಂದು ಆಹಾ ನನ್ನ ಕುತ್ತಿಗೆಗೆ ಇಪ್ಪತ್ತಾರು ವರ್ಷ ನೇತುಬಿತ್ತು. ಆಮೇಲೆ ಅದಕ್ಕೊಂದು ಪದ್ಧತಿ ಮಾಡಿಕೊಂಡೆ. ಮೊದಲು ಅವಳ ಮುಖ ನೋಡುವುದು. ಅವಳ ಕಣ್ಣು ಅರಳಿದರೆ ಆಹಾ, ಮೂಗು ಸಿಂಡರಿಸಿದರೆ ಛೀ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಸಿಕ್ಕಿಬಿದ್ದಿರಲಿಲ್ಲ ಎಂದು ನಾನು ನಂಬಿಕೊಂಡಿದ್ದೆ.

ಹೀಗಿರುವಾಗ ಒಂದು ಭಾನುವಾರ ಅವಳು ಹಿತ್ತಿಲ ಬಾಗಿಲಲ್ಲಿ ಕುಳಿತು, "ರೀ, ನಮಗೊಂದು ಗುಲಾಬಿ ಗಿಡ ಬೇಕು" ಎಂದಳು.

"ಸಮುದ್ರ ಎರಡು ಬೀದಿ ಆಚೆ ಇದೆ. ಕಿಟಕಿಯ ಕಬ್ಬಿಣವೇ ಉಪ್ಪು ಗಾಳಿಗೆ ತುಕ್ಕು ಹಿಡಿದು ಉದುರ್ತಿದೆ, ಇನ್ನು ಗುಲಾಬಿ ಉಳಿಯುತ್ತಾ?"

"ಪೊದೆ ಗುಲಾಬಿ ತಡ್ಕೊಳ್ಳುತ್ತಂತೆ. ದಿನವೆಲ್ಲಾ ಹಾಲು ಮೂಸಿ ಮೂಸಿ ತಲೆ ಕೆಡುತ್ತೆ ಕಣ್ರೀ. ಮನೆಗೆ ಬಂದಾಗ ಒಂದೇ ಒಂದು ಒಳ್ಳೆ ವಾಸನೆ ಬೇಕು ನನಗೆ. ಇನ್ನೇನೂ ಕೇಳಲ್ಲ."

ಅವಳು ಇನ್ನೇನೂ ಕೇಳಿದವಳೇ ಅಲ್ಲ. ಮರುದಿನವೇ ಇಬ್ಬರೂ ನರ್ಸರಿಗೆ ಹೋದೆವು. ಅವಳು ಆಚೆ ಕುಂಡಗಳನ್ನು ನೋಡುತ್ತಿದ್ದಾಗ ನರ್ಸರಿಯವನು ನನ್ನ ಕೈಗೆ ಒಂದು ಗಿಡ ಕೊಟ್ಟು ಉಪದೇಶ ಮಾಡಿದ. "ಇದು ಕಸಿ ಗಿಡ ಸಾರ್. ಬುಡದಲ್ಲಿ ಈ ಗಂಟು ನೋಡಿ. ಗಂಟಿನ ಮೇಲೆ ಬರೋದೇ ಪರಿಮಳದ ಗುಲಾಬಿ, ಮೆಲ್ಲಗೆ ಬೆಳೆಯುತ್ತೆ. ಗಂಟಿನ ಕೆಳಗೆ ಬರೋದು ಕಾಡು ಗುಲಾಬಿ, ಸರಸರ ಏರುತ್ತೆ. ಕೆಳಗಿಂದ ಬಂದಿದ್ದನ್ನ ಕಂಡ ತಕ್ಷಣ ಕಿತ್ತುಹಾಕಿ. ಸಂಜೆ ಸಂಜೆ ಎಲೆಗೆ ಸಿಹಿನೀರು ಹೊಡೆದು ಉಪ್ಪು ತೊಳೀರಿ. ಗಾಳಿಗೆ ಒಂದು ಅಡ್ಡ ಕಟ್ಟಿ."

ನಾನು ತಲೆಯಾಡಿಸಿದೆ. ಅಡ್ಡ ಕಟ್ಟುವ ಮಾತು ಕೇಳಿದ ಕೂಡಲೇ ನನ್ನ ಮನಸ್ಸು ಬಟ್ಟೆಯ ಕಡೆಗೆ ಓಡಿತ್ತು. ಹಾಗಾಗಿ ಗಂಟಿನ ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು.

ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದಿನ ನಮ್ಮ ಹಿತ್ತಿಲು ಎಂದರೆ ಹತ್ತಡಿ ಉದ್ದ, ಆರಡಿ ಅಗಲ. ಅದರ ಮೂಲೆಯ ಮರಳು ತೆಗೆದು ಗೊಬ್ಬರ ಮಣ್ಣು ತುಂಬಿ ಗಿಡ ನೆಟ್ಟೆವು. ದಪ್ಪ ಕ್ಯಾನ್ವಾಸಿನಲ್ಲಿ ಅದಕ್ಕೊಂದು ಗಾಳಿತಡೆ ಹೊಲಿದೆ. ಸುಮ್ಮನೆ ಹೊಲಿಯಲಿಲ್ಲ. ಗಾಳಿ ಜೋರಾದಾಗ ಮುಚ್ಚಿಕೊಳ್ಳಲು ಗುಂಡಿ ಕಾಜಾ, ಬೇಸಿಗೆಗೆ ಬಿಚ್ಚಿ ಸಡಿಲಿಸಲು ಎರಡು ನೆರಿಗೆ, ಒಳಗಡೆ ಲೈನಿಂಗು. ಹೆಂಡತಿ ನೋಡಿ, "ಜೇಬು ಒಂದಿಡಿ, ಗಿಡಕ್ಕೆ ಕೈ ಇಟ್ಕೊಳ್ಳೋಕೆ ಬೇಕಾಗುತ್ತೆ" ಎಂದಳು. ಪ್ರತಿ ಭಾನುವಾರ ಟೇಪು ಹಿಡಿದು ಗಿಡದ ಎತ್ತರ, ಸುತ್ತಳತೆ, ಭುಜ ಅಳೆದು ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದಿಟ್ಟೆ. ಸಂಜೆ ಎಲೆ ತೊಳೆದೆ. ಬುಡಕ್ಕೆ ಮಣ್ಣೇರಿಸಿದೆ, ಮತ್ತೆ ಏರಿಸಿದೆ. ಎಷ್ಟು ಏರಿಸಿದೆನೆಂದರೆ ಆ ಗಂಟು ಎನ್ನುವುದು ಎಲ್ಲಿ ಹೂತುಹೋಯಿತೋ ನನಗೂ ಗೊತ್ತಿಲ್ಲ, ಗಿಡಕ್ಕೂ ಗೊತ್ತಿಲ್ಲ.

ಮೂರನೆಯ ತಿಂಗಳಿಗೆ ಗಿಡದಲ್ಲಿ ದೋಷ ಕಂಡಿತು. ಎಡಗಡೆ ಮೂರು ಕೊಂಬೆ, ಗಿಡ್ಡ, ಸೊಟ್ಟ. ಬಲಗಡೆ ಎರಡು ಕೊಂಬೆ, ನೆಟ್ಟಗೆ, ನೀಳವಾಗಿ, ಹೊಸ ಬಟ್ಟೆಯ ಥಾನಿನಿಂದ ಬಿಚ್ಚಿದ ಹಾಗೆ. ಒಂದು ತೋಳು ಗಿಡ್ಡ, ಒಂದು ತೋಳು ಉದ್ದ ಇರುವ ಅಂಗಿಯನ್ನು ಯಾವ ದರ್ಜಿ ತಾನೆ ನೋಡಿಕೊಂಡು ಸುಮ್ಮನಿದ್ದಾನು? ನಮ್ಮ ಕಸುಬಿನಲ್ಲಿ ನೇರ ಎಳೆಗೆ ಬಂದದ್ದು ಬಟ್ಟೆ, ಸೊಟ್ಟಗೆ ಬಂದದ್ದು ತುಂಡು. ಕತ್ತರಿ ತಂದೆ. ಎಡಗಡೆಯ ಮೂರನ್ನೂ ಬುಡಕ್ಕೆ ಸಮನಾಗಿ ಕತ್ತರಿಸಿ, ಗೇಟಿನ ಪಕ್ಕದ ಕಸದ ಬುಟ್ಟಿಗೆ ಹಾಕಿದೆ. ಆಲ್ಟರೇಶನ್ ಮುಗಿಸಿ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದೆ. ಗಿಡ ಈಗ ನೋಡಲು ಲಕ್ಷಣವಾಗಿತ್ತು.

ಅಂದು ಹೆಂಡತಿ ಡಿಪೋಗೆ ಹೊರಟವಳು ಕಸದ ಬುಟ್ಟಿಯ ಹತ್ತಿರ ಒಂದು ನಿಮಿಷ ನಿಂತಳು. ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಮತ್ತೆ ಐದು ತಿಂಗಳು ಕಳೆದು ಹೂ ಬಿಟ್ಟಿತು. ಒಂದಲ್ಲ ಎರಡಲ್ಲ, ಕೊಂಬೆ ತುಂಬಾ ಗೊಂಚಲು. ಬೆಳಿಗ್ಗೆ ನಾನೇ ಮೊದಲು ನೋಡಿದವನು. ಸಂಜೆ ಅವಳು ಬರುವಷ್ಟರಲ್ಲಿ ಗಿಡದ ಪಕ್ಕ ಎರಡು ಕುರ್ಚಿ ಹಾಕಿಟ್ಟು, ಅವಳನ್ನು ಕೈಹಿಡಿದು ಕರೆದುಕೊಂಡು ಹೋದೆ. ಸಂಭ್ರಮದಲ್ಲಿ ನನ್ನ ಪದ್ಧತಿಯನ್ನೇ ಮರೆತೆ. ಅವಳ ಮುಖ ನೋಡುವ ಮೊದಲೇ ಹೂವಿನಲ್ಲಿ ಮೂಗು ಹುದುಗಿಸಿ, "ಆಹಾ, ಏನು ಪರಿಮಳ ಕಣೇ, ಇಡೀ ಬೀದಿಗೆ ಹಬ್ಬಿದೆ" ಎಂದೆ.

ಅವಳು ಬಗ್ಗಿ ಮೂಸಿದಳು. ನಿಂತಳು. ಇನ್ನೊಂದು ಹೂವನ್ನು ಮೂಸಿದಳು. ಆಮೇಲೆ ಬಹಳ ಮೆಲ್ಲಗೆ, "ನನಗೇನೂ ಬರ್ತಿಲ್ವಲ್ಲ ರೀ" ಎಂದಳು.

ಪದ್ಧತಿ ಮರೆತದ್ದು ಆಗ ನೆನಪಾಯಿತು. ಆದರೂ ಆಡಿದ ಮಾತು ಒಡೆದ ಮುತ್ತು, ಹಿಂದಕ್ಕೆ ಬರುವುದಿಲ್ಲ. "ನೆಗಡಿ ಇರ್ಬೇಕು" ಎಂದೆ.

"ನೆಗಡಿ ಇಲ್ಲ."

"ಹಾಗಿದ್ರೆ ಗಾಳಿ ಆ ಕಡೆ ಬೀಸ್ತಿರಬೇಕು."

"ಹೂವಿನ ಒಳಗೇ ಮೂಗಿಟ್ಟಿದ್ದೀನಿ, ಗಾಳಿ ಎಲ್ಲಿಂದ ಬರುತ್ತೆ? ನಿಮಗೆ ನಿಜವಾಗ್ಲೂ ಬರ್ತಿದೆಯಾ?"

"ಬರದೆ? ತಲೆ ಸುತ್ತೋ ಹಾಗೆ ಬರ್ತಿದೆ."

ಅವಳು ನನ್ನ ಮುಖವನ್ನೇ ನೋಡುತ್ತಾ, "ಹಾಗಾದ್ರೆ ನನ್ನ ಮೂಗೇ ಹೋಗಿದೆ" ಎಂದು ಕುರ್ಚಿಯಲ್ಲಿ ಕುಳಿತಳು.

ಮರುದಿನ ಡಿಪೋದಿಂದ ಬಂದವಳು, ಒಂದು ಹಾಳಾದ ಕ್ಯಾನು ಇವತ್ತು ಗೊತ್ತೇ ಆಗಲಿಲ್ಲ ಎಂದಳು. ಅದರ ಮರುದಿನ ಎರಡು ಎಂದಳು. "ಮಕ್ಕಳಿಗೆ ಹೋಗೋ ಹಾಲು ರೀ. ಗೊತ್ತಾಗದವಳು ಆ ಜಾಗದಲ್ಲಿ ನಿಲ್ಲಬಾರದು. ರಾಜೀನಾಮೆ ಬರೆದುಕೊಡ್ತೀನಿ." ಇಪ್ಪತ್ತೆರಡು ವರ್ಷ ಅವಳು ತಲೆಯೆತ್ತಿ ನಿಂತ ಜಾಗ ಅದು. ಅವಳಿಗೆ ಅದು ಬರಿಯ ಕೆಲಸವಲ್ಲ ಎಂದು ನನಗೆ ಗೊತ್ತಿತ್ತು. ಅಂದು ನನಗೆ ಊಟ ಸೇರಲಿಲ್ಲ.

ಶುಕ್ರವಾರ ನರ್ಸರಿಯವನು ಅಂಗಿಯ ಟ್ರಯಲ್‌ಗೆಂದು ಬಂದ. ಅಂಗಿಯ ಮಾತು ಬಿಟ್ಟು ಅವನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ. ಅವನು ಗಿಡ ನೋಡಿದ, ಬುಡದ ಮಣ್ಣು ಕೆದರಿದ, ನನ್ನನ್ನು ನೋಡಿದ.

"ಕಸಿ ಕೊಂಬೆ ಎಲ್ಲಿ ಸಾರ್?"

"ಯಾವುದು?"

"ಗಿಡ್ಡಗೆ, ಸೊಟ್ಟಗೆ ಇತ್ತಲ್ಲ, ಅದು."

"ಅದನ್ನ ನಾನೇ ಕತ್ತರಿಸಿ ಸರಿ ಮಾಡಿದೆ."

"ಸರಿ ಮಾಡಿದ್ದಲ್ಲ, ಮನೆಯವರನ್ನ ಓಡಿಸಿ ಕಾವಲುಗಾರನಿಗೆ ಮನೆ ಕೊಟ್ಟಿದ್ದೀರಿ. ಇದು ಕಾಡು ಗುಲಾಬಿ. ಇದಕ್ಕೆ ಎಲ್ಲಿಂದ ವಾಸನೆ ಬರಬೇಕು?"

ಅಂದರೆ ಹೂವಿಗೇ ವಾಸನೆಯಿಲ್ಲ. ಹೆಂಡತಿಯ ಮೂಗು ಸರಿಯಾಗಿಯೇ ಇದೆ. ನನ್ನ ಒಂದು ಆಹಾ ನಂಬಿಕೊಂಡು ಆ ಮಹಾಪತಿವ್ರತೆ ತನ್ನ ಮೂಗಿನ ಮೇಲೇ ಅನುಮಾನಪಟ್ಟು ಕೆಲಸ ಬಿಡಲು ಹೊರಟಿದ್ದಾಳೆ. ನಿಜ ಹೇಳಬೇಕಿತ್ತು. ಹೇಳಿದರೆ ಇಪ್ಪತ್ತಾರು ವರ್ಷದ ಆಹಾಗಳೆಲ್ಲಾ ಒಂದೇ ಸಲ ಬೀದಿಗೆ ಬರುತ್ತವೆ. ಅದಕ್ಕೆ ಬದಲು ನನ್ನ ತಲೆಗೆ ಒಂದು ದಿವ್ಯ ಉಪಾಯ ಹೊಳೆಯಿತು. ಹೂವಿಗೆ ವಾಸನೆ ಇಲ್ಲದಿದ್ದರೆ ಕೊಟ್ಟರಾಯಿತು.

ಮದುವೆಯ ಹತ್ತನೆಯ ವರ್ಷಕ್ಕೆ ನಾನು ಅವಳಿಗೊಂದು ಬಾಟಲಿ ಅತ್ತರು ತಂದುಕೊಟ್ಟಿದ್ದೆ. ಅದು ಗೋಡೆ ಬೀರುವಿನ ಮೇಲಿನ ಅರೆಯಲ್ಲಿತ್ತು. ತೆಗೆದು ನೋಡಿದರೆ ಮುಕ್ಕಾಲು ಬಾಟಲಿ ಹಾಗೇ ಇದೆ. ಎಷ್ಟು ಜೋಪಾನವಾಗಿಟ್ಟಿದ್ದಾಳೆ ಎಂದು ಕಣ್ಣು ತುಂಬಿಬಂತು. ಮಷೀನು ಒರೆಸುವ ಸಣ್ಣ ಬ್ರಷ್ಷಿನಿಂದ ಒಂದೊಂದು ದಳಕ್ಕೂ ಹಚ್ಚಿದೆ. ಎಷ್ಟು ಹಚ್ಚಿದರೆ ಸಾಕು ಎಂದು ನನಗೆ ತಿಳಿಯುವ ಬಗೆಯಿಲ್ಲವಾದ್ದರಿಂದ ಬಾಟಲಿ ಖಾಲಿಯಾಗುವವರೆಗೆ ಹಚ್ಚಿದೆ. ಪಕ್ಕದ ಮನೆಯವರು ಹಿತ್ತಿಲ ಕಡೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿಕೊಂಡರು. ಹೊಟ್ಟೆಕಿಚ್ಚು ಎಂದುಕೊಂಡೆ.

ಸಂಜೆ ಹೆಂಡತಿ ಹಿತ್ತಿಲಿಗೆ ಬಂದು ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ಆಮೇಲೆ ಗಿಡದ ಹತ್ತಿರ ಹೋಗಿ ಬಗ್ಗಿದಳು. ಅವಳ ಕಣ್ಣಲ್ಲಿ ನೀರು ಬಂತು, ಕೆನ್ನೆ ಕೆಂಪಾಯಿತು, ಕೆಮ್ಮು ಬಂತು.

"ಬಂತಾ ವಾಸನೆ?" ಎಂದೆ ಆಸೆಯಿಂದ.

"ಇಲ್ಲ ರೀ" ಎಂದಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಏನೇನೂ ಇಲ್ಲ. ನಾಳೆಯೇ ರಾಜೀನಾಮೆ ಕೊಟ್ಟುಬಿಡ್ತೀನಿ."

ಮನಸ್ಸಿಗೆ ಹತ್ತಿದ ಅನುಮಾನ ಈಗ ನಿಜವಾಗಿ ಮೂಗಿಗೂ ಇಳಿದಿದೆ. ಅವಳನ್ನು ಬದುಕಿಸುವ ಮದ್ದು ಒಂದೇ, ಅದು ನನ್ನ ಬಾಯಲ್ಲಿದೆ. ಆದರೆ ಆ ಬಾಯಿ ಅಂದು ತೆರೆಯಲಿಲ್ಲ, ಮರುದಿನ ಬೆಳಿಗ್ಗೆಯೂ ತೆರೆಯಲಿಲ್ಲ. ಅವಳು ಮಡಿಚಿದ ಒಂದು ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ನಾಲ್ಕು ಗಂಟೆಯವರೆಗೆ ಹೊಲಿಗೆ ಹಾಕಿದೆ. ಆಮೇಲೆ ನೋಡಿದರೆ ಒಂದು ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಒಂದೇ ಕಾಲು ಮಾಡಿಟ್ಟಿದ್ದೆ. ಮಷೀನು ಬಿಟ್ಟು, ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡಿದ್ದ ಹಾಗೆಯೇ ಡಿಪೋಗೆ ಓಡಿದೆ.

ಡಿಪೋದಲ್ಲಿ ಸಂಜೆಯ ಹಾಲು ಬರುವ ಹೊತ್ತು. ಕ್ಯಾನುಗಳ ಸಾಲು, ಹಾಲಿನವರ ಸಾಲು, ಕಟ್ಟೆಯ ಆಚೆ ನನ್ನ ಹೆಂಡತಿ, ಮೇಜಿನ ಹಿಂದೆ ಮ್ಯಾನೇಜರು. ನಾನು ಒದ್ದೆ ನೆಲದ ಮೇಲೆ ಜಾರಿ, ಒಂದು ಕ್ಯಾನನ್ನು ಅಪ್ಪಿಕೊಂಡು ನಿಂತು, ಎಲ್ಲರೆದುರಿಗೆ ಹೇಳಿದೆ.

"ಸಾರ್, ಅವಳ ರಾಜೀನಾಮೆ ತಗೋಬೇಡಿ. ಅವಳ ಮೂಗು ಸರಿಯಾಗಿದೆ. ಹೂವಿಗೇ ವಾಸನೆ ಇರಲಿಲ್ಲ. ವಾಸನೆ ಬರದೇ ಇರೋದು ನನಗೆ. ಇವತ್ತು ನಿನ್ನೆಯಿಂದ ಅಲ್ಲ, ಇಪ್ಪತ್ತನೇ ವಯಸ್ಸಿಂದ. ಮದುವೆಯಾದಾಗಿನಿಂದ ಇವಳಿಗೆ ಸುಳ್ಳು ಹೇಳ್ಕೊಂಡು ಬಂದಿದ್ದೀನಿ. ಸೋಪು ಸುಳ್ಳು, ಅತ್ತರು ಸುಳ್ಳು, ಆಹಾ ಅಂದಿದ್ದೆಲ್ಲಾ ಸುಳ್ಳು."

ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕಿ, "ಯಾವ ರಾಜೀನಾಮೆ?" ಎಂದರು.

ಸಾಲಿನಲ್ಲಿ ಮೊದಲು ನಿಂತಿದ್ದ ಹಾಲಿನವನು ನನ್ನ ಕೈಯಿಂದ ತನ್ನ ಕ್ಯಾನನ್ನು ಬಿಡಿಸಿಕೊಂಡು, "ನಿಮಗೆ ವಾಸನೆ ಬರಲ್ಲ ಅಂತ ಗೊತ್ತಲ್ಲ ಭಾವ" ಎಂದ. (ನನ್ನ ಹೆಂಡತಿ ಅಲ್ಲಿ ಎಲ್ಲರಿಗೂ ಅಕ್ಕ. ಹಾಗಾಗಿ ನಾನು ಊರಿಗೆಲ್ಲಾ ಭಾವ.)

"ಯಾರಿಗೆ ಗೊತ್ತು?"

"ಎಲ್ಲರಿಗೂ. ಇಲ್ಲಾಂದ್ರೆ ಆ ದೋಣಿಯವರು ಎರಡು ಅಂಗಡಿ ದಾಟಿ ನಿಮ್ಮ ಹತ್ರ ಯಾಕೆ ಬರ್ತಾರೆ? ಒಗೆಯದ ಪ್ಯಾಂಟನ್ನ ಆ ಇಬ್ಬರು ಮುಟ್ಟಲ್ಲ. ನೀವು ಮಡಿಲಲ್ಲಿ ಹಾಕ್ಕೊಂಡು ಹೊಲೀತೀರಿ."

ನನ್ನ ಕೈಗುಣ ಅಂದು ಆ ಒದ್ದೆ ನೆಲದ ಮೇಲೆ ತೀರಿಕೊಂಡಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುವುದಿಲ್ಲವೇ ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಹಾಲಿನ ಡಿಪೋದಲ್ಲೇ ನಿಂತು ಅದರ ಅರ್ಥ ತಿಳಿಯುತ್ತದೆ ಎಂದುಕೊಂಡಿರಲಿಲ್ಲ.

ಹೆಂಡತಿ ಕಟ್ಟೆಯಿಂದ ಈಚೆ ಬಂದು ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು. "ಕೂತ್ಕೊಳ್ಳಿ, ಮೊದಲು ಉಸಿರು ಬಿಡಿ" ಎಂದಳು.

"ನಿನಗೆ ಯಾವಾಗಿಂದ ಗೊತ್ತು?"

"ಮದುವೆಯಾದ ಮೂರನೇ ತಿಂಗಳಿಂದ. ಒಲೆ ಮೇಲಿನ ಹಾಲು ಸೀದು ಮನೆಯೆಲ್ಲಾ ನಾರ್ತಿತ್ತು. ನೀವು ಅದರ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಿ. ಅದೇ ಹಾಲಲ್ಲಿ ಕಾಫಿ ಮಾಡಿಕೊಟ್ಟೆ. ಆಹಾ ಅಂದ್ರಿ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳಲಿ ಅಂತ." ಅವಳ ದನಿ ಒಂದು ಕ್ಷಣ ಬದಲಾಯಿತು. "ಇಪ್ಪತ್ತಾರು ವರ್ಷ ಕಾದೆ ರೀ. ನನ್ನ ಹತ್ರ ಹೇಳ್ಕೊಳ್ಳೋಕೆ ಏನು ನಾಚಿಕೆ? ಪ್ರತಿ ಸಲ ನನ್ನ ಮುಖ ನೋಡ್ಕೊಂಡು ಆಹಾ ಅಂತಿದ್ರಲ್ಲ, ಅದನ್ನ ನೋಡಿದ್ರೆ ನಗುವೂ ಬರ್ತಿತ್ತು, ಬೇಜಾರೂ ಆಗ್ತಿತ್ತು. ಈ ಸಲ ಬಿಡಬಾರದು ಅಂತ ಹಟ ಹಿಡಿದೆ."

"ಹಾಗಾದ್ರೆ ಆ ಹಾಳಾದ ಕ್ಯಾನುಗಳು?"

"ಸುಳ್ಳು. ನೀವೊಬ್ಬರೇ ಹೇಳ್ಬೇಕಾ?"

"ಬೆಳಿಗ್ಗೆ ಚೀಲಕ್ಕೆ ಹಾಕ್ಕೊಂಡ ಕಾಗದ?"

"ಸಾಮಾನಿನ ಚೀಟಿ. ಬೇವಿನೆಣ್ಣೆ ತರಬೇಕಿತ್ತು. ಗಿಡದ ಹುಳಕ್ಕೆ ಅಂತ ಆ ಅತ್ತರಿನ ಬಾಟಲಿಯಲ್ಲಿ ತುಂಬಿಸಿಟ್ಟಿದ್ದೆ. ನೀವು ಅಷ್ಟನ್ನೂ ಹೂವಿಗೆ ಹಚ್ಚಿ ಮುಗಿಸಿದ್ರಿ. ಅದನ್ನ ಮೂಸಿ ಏನೂ ಬರ್ತಿಲ್ಲ ಅನ್ನೋಕೆ ನನಗಾದ ಕಷ್ಟ ನನಗೇ ಗೊತ್ತು."

"ಮತ್ತೆ ನಾನು ಕೊಟ್ಟ ಅತ್ತರು?"

"ಅದರ ವಿಷಯ ಬೇಡ ಬಿಡಿ. ಅದಕ್ಕಿಂತ ಬೇವಿನೆಣ್ಣೆಯೇ ವಾಸಿ."

ಆಗ ನಾನು ಕಿಟಕಿಯ ಕಡೆ ನೋಡಿದೆ. ಅಲ್ಲಿ ಮೂರು ಹಳೆಯ ಹಾಲಿನ ಕ್ಯಾನುಗಳಲ್ಲಿ ಮೂರು ಗಿಡಗಳಿದ್ದವು. ಗಿಡ್ಡ, ಸೊಟ್ಟ. ಎರಡರಲ್ಲಿ ಮೊಗ್ಗು, ಒಂದರಲ್ಲಿ ಒಂದೇ ಒಂದು ಗುಲಾಬಿ ಹೂವು, ಒಳಗೆ ದಳದ ಮೇಲೆ ದಳ ತುಂಬಿಕೊಂಡಿತ್ತು.

"ಇವು ನಾನು ಕಸಕ್ಕೆ ಹಾಕಿದ್ದ ಕೊಂಬೆಗಳಲ್ವಾ?"

"ನರ್ಸರಿಯವನು ನಿಮಗೆ ಹೇಳುವಾಗ ನಾನೇನು ಕಿವುಡಿ ಆಗಿದ್ನಾ? ನೀವು ನಿಮ್ಮ ಮೂಗಿನ ನೇರಕ್ಕೇ ಕತ್ತರಿಸ್ತೀರಿ ಅಂತ ನನಗೆ ಮೊದಲೇ ಗೊತ್ತಿತ್ತು. ಅವತ್ತೇ ತಂದು ನೆಟ್ಟೆ. ಈಗ ಇಲ್ಲೇ ಇರಲಿ. ದಿನವೆಲ್ಲಾ ಹಾಲು ಮೂಸಿ, ನಡುನಡುವೆ ಇದನ್ನ ಮೂಸ್ತೀನಿ. ಮನೇಲಿರೋ ಕಾಡು ಗುಲಾಬಿ ನಿಮಗಿರಲಿ, ನೋಡೋಕೆ ಚೆನ್ನಾಗಿದೆ."

ಅವಳು ಆ ಹೂವಿನ ಕೊಂಬೆಯನ್ನು ನನ್ನ ಮುಖದ ಹತ್ತಿರಕ್ಕೆ ಬಗ್ಗಿಸಿ, "ಹೇಗಿದೆ?" ಎಂದು ಕೇಳಿದಳು. ಹಾಲಿನವರೆಲ್ಲಾ ಸಾಲು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ನನ್ನ ಕಣ್ಣು ಹಳೆಯ ಅಭ್ಯಾಸದಂತೆ ಅವಳ ಮುಖದ ಕಡೆಗೆ ಹೊರಟಿತು. ಅದನ್ನು ಹಿಡಿದು ಹೂವಿನ ಮೇಲೇ ನಿಲ್ಲಿಸಿ, ಗಟ್ಟಿಯಾಗಿ ಉಸಿರೆಳೆದುಕೊಂಡೆ.

"ಏನೂ ಗೊತ್ತಾಗ್ತಿಲ್ಲ ಕಣೇ" ಎಂದೆ.

ಅವಳು ನಕ್ಕಳು. ಆಮೇಲೆ ಅವಳೇ ಮೂಸಿ ನನಗೆ ಹೇಳಿದಳು. ಮಳೆ ನಿಂತ ಮೇಲಿನ ಮಣ್ಣಿನದು ಸ್ವಲ್ಪ ಇದೆಯಂತೆ, ಆಗತಾನೆ ಕಾಯಿಸಿದ ಹಾಲಿನ ಕೆನೆಯದು ಸ್ವಲ್ಪ ಇದೆಯಂತೆ, ಇನ್ನುಳಿದದ್ದಕ್ಕೆ ಹೆಸರಿಲ್ಲವಂತೆ. ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೂಸಿದ್ದ ಯಾವುದೋ ಹೂವನ್ನು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಆದರೂ ಅವಳು ಹೇಳುವುದನ್ನು ಕೇಳುತ್ತಾ ನಿಂತಿರುವುದು ಸುಖವಾಗಿತ್ತು. "ಸರಿ ಹೋಗಿ, ಅಂಗಡಿ ತೆರೆದಿಟ್ಟು ಬಂದಿದ್ದೀರಿ" ಎಂದು ಅವಳು ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು, ನನ್ನ ಅಂಗಿಯ ಬೆನ್ನಿನ ಮೇಲೆ ಏನನ್ನೋ ಗೀಚಿ, ಬಾಗಿಲ ಕಡೆಗೆ ತಳ್ಳಿದಳು. ಹಾಲಿನವರು ಒಬ್ಬರ ಹಿಂದೊಬ್ಬರು ಬಗ್ಗಿ ನನ್ನ ಬೆನ್ನು ನೋಡಿ ನಕ್ಕರು.

ಸರಿ ಗುರುತೇ ಇರಬೇಕು ಎಂದುಕೊಂಡೆ. ಇಷ್ಟು ವರ್ಷದ ಮೇಲೆ, ಅಷ್ಟು ಜನರ ಮುಂದೆ ನಿಜ ಹೇಳಿದವನಿಗೆ ಇನ್ನೇನು ಹಾಕುತ್ತಾರೆ? ಬೀದಿಯುದ್ದಕ್ಕೂ ಎದೆ ಸೆಟೆಸಿಕೊಂಡೇ ಬಂದೆ.

ಅಂಗಡಿಯ ಮುಂದೆ ಎಂಜಿನ್ ಮೇಸ್ತ್ರಿ ಒಬ್ಬ ಪ್ಯಾಂಟು ಹಿಡಿದು ಕಾಯುತ್ತಿದ್ದ. ಒಳಗೆ ಹೋಗಿ, ಟ್ರಯಲ್ ಕನ್ನಡಿಗೆ ಬೆನ್ನು ಕೊಟ್ಟು, ಕುತ್ತಿಗೆ ತಿರುಗಿಸಿ ನೋಡಿದೆ. ಬೆನ್ನಿನ ನಡುವೆ, ಎರಡು ಭುಜಕ್ಕೂ ಸಮ ದೂರದಲ್ಲಿ, ಅಚ್ಚುಕಟ್ಟಾಗಿ ಒಂದು ಸುತ್ತು ಹಾಕಿದ್ದಳು.